ಆರು ಹೆಜ್ಜೆ ದೂರದ ಮುಖ

ಇವತ್ತು ಬೆಳಿಗ್ಗೆ ಹಾಲು ಉಕ್ಕಿತು. ತಪ್ಪು ನನ್ನದೇ. ಬಾಗಿಲಿಗೆ ನೀರು ಹಾಕಿ, ಚುಕ್ಕಿ ತಪ್ಪಿದ ರಂಗೋಲಿಯನ್ನು ಅಳಿಸಿ ಮತ್ತೆ ಬಿಟ್ಟು, ಒಲೆಯ ಮೇಲೆ ಹಾಲಿಟ್ಟವಳು ಮೇಜಿನ ಮೇಲಿದ್ದ ಮೂರು ಲೆನ್ಸುಗಳನ್ನು ನೋಡುತ್ತ ನಿಂತುಬಿಟ್ಟಿದ್ದೆ. ಟವೆಲಿನ ಮೇಲೆ ಸಾಲಾಗಿ ಕೂತಿದ್ದವು: ಗಿಡ್ಡದ್ದು, ನಡುವಿನದು, ದಪ್ಪದ್ದು. ತಿಪಟೂರಿನ ಸ್ಟುಡಿಯೋದ ಇಮ್ತಿಯಾಜ್ ನಿನ್ನೆ ನಂಬಿಕೆಯ ಮೇಲೆ ಕೊಟ್ಟಿದ್ದ. “ಮನೇಲಿ ಹಾಕಿ ನೋಡಿ ಅಕ್ಕ. ನಾಳೆ ಸಂಜೆಯೊಳಗೆ ಒಂದು ಇಟ್ಕೊಳ್ಳಿ, ಎರಡು ವಾಪಸ್ ತನ್ನಿ.”

ಐವತ್ತು ದಾಟಿದ ಗೃಹಿಣಿಗೆ ಲೆನ್ಸಿನ ಚಿಂತೆ ಯಾಕೆ ಎಂದು ನಿಮಗೆ ನಗು ಬರಬಹುದು. ನಮ್ಮ ಯಜಮಾನರಿಗೂ ಬಂದಿದೆ. ಮಗಳು ಹೊಸದು ಕೊಂಡಾಗ ಬಿಟ್ಟುಕೊಟ್ಟ ಕ್ಯಾಮೆರಾದಲ್ಲಿ ಎರಡು ವರ್ಷದಿಂದ ದಾಸವಾಳ, ಬೆಕ್ಕು, ಒಣಹಾಕಿದ ಹಪ್ಪಳ ಎಲ್ಲವನ್ನೂ ತೆಗೆದಿದ್ದೇನೆ. ಸಿಗದೆ ಉಳಿದದ್ದು ಒಂದೇ ಮುಖ, ನಮ್ಮತ್ತೆಯದು.

ಅತ್ತೆಯ ಎಡಗೆನ್ನೆಯಿಂದ ತುಟಿಯಂಚಿನವರೆಗೆ ಬಿಳಿ ಮಚ್ಚೆಯಿದೆ. ಎರಡನೆಯ ಬಾಣಂತನದಲ್ಲಿ ಕಾಣಿಸಿಕೊಂಡದ್ದಂತೆ. ಅಂದಿನಿಂದ ಯಾರು ಕ್ಯಾಮೆರಾ ಹಿಡಿದರೂ ಅವರ ಕೈ ಸೆರಗಿಗೆ ಹೋಗುತ್ತದೆ. ನಮ್ಮ ಮದುವೆಯ ಆಲ್ಬಮಿನಲ್ಲಿ ಅತ್ತೆ ಎಂದರೆ ಒಂದು ಕಿವಿ, ಒಂದು ಓಲೆ, ಅಷ್ಟೇ. “ಕಲರ್ ಫೋಟೋದಾಗೆ ಎಲ್ರೂ ಒಂದ್ ಬಣ್ಣ, ನಾನೊಬ್ಳೇ ಎರಡ್ ಬಣ್ಣ ಕಣೇ. ಬ್ಯಾಡ ಬುಡು” ಎನ್ನುತ್ತಾರೆ. ಹಾಗಾದರೆ ಕಪ್ಪು-ಬಿಳುಪಿನಲ್ಲೇ ತೆಗೆಯುತ್ತೇನೆ ಎಂದೆ ಹೋದ ವಾರ. “ನೋಡಾನ” ಎಂದರು. ಅವರ ‘ನೋಡಾನ’ ಮುಕ್ಕಾಲು ಒಪ್ಪಿಗೆ. ಉಳಿದ ಕಾಲುಭಾಗಕ್ಕಾಗಿಯೇ ಈ ಲೆನ್ಸುಗಳು.

ಕಪ್ಪು-ಬಿಳುಪು ಎಂದಾಗೆಲ್ಲ ನನಗೆ ಇಮ್ತಿಯಾಜನ ತಂದೆ ನೆನಪಾಗುತ್ತಾರೆ. ಊರಿಗೆಲ್ಲ ಅವರು ಸ್ಟುಡಿಯೋ ಸಾಹೇಬರು. ಹುಡುಗನ ಕಡೆಯವರಿಗೆ ಕಳಿಸುವ ಫೋಟೋ ತೆಗೆಸಲು ಅಮ್ಮ ನನ್ನನ್ನು ಅಲ್ಲಿಗೇ ಕರೆದೊಯ್ದಿದ್ದಳು. ಹಲ್ಲು ಕಾಣದಂತೆ ನಗುವುದನ್ನು ಕಾನ್ವೆಂಟಿನ ಸಿಸ್ಟರ್ ನಮಗೆ ಶ್ರದ್ಧೆಯಿಂದ ಕಲಿಸಿದ್ದರು. ಹಾಗೆಯೇ ನಕ್ಕೆ. ಹುಣಸೆಬೀಜ ಬಾಯಲ್ಲಿಟ್ಟುಕೊಂಡು ಯಾರಿಗೂ ಹೇಳದವಳಂತೆ ಕಂಡಿರಬೇಕು. ಸಾಹೇಬರು ಕ್ಯಾಮೆರಾದ ಸ್ಟ್ಯಾಂಡ್ ಎತ್ತಿಕೊಂಡು ಹಿಂದೆ ಹಿಂದೆ ಹೋಗಿ, ಕೊನೆಗೆ ಬಾಗಿಲಿನ ಹೊಸಿಲ ಮೇಲೆ ನಿಂತರು.

“ಅಷ್ಟು ದೂರ ಯಾಕೆ ಸಾಬ್ರೇ?” ಎಂದಳು ಅಮ್ಮ.

“ಹತ್ತಿರ ಹೋದ್ರೆ ಮುಖ ಹೆದರ್ತದಮ್ಮ. ನಾನಿಲ್ಲಿ ಇದೀನಿ ಅನ್ನೋದು ಬೇಟಿಗೆ ಮರೆತುಹೋಗ್ಲಿ.”

ಅಮ್ಮ ನನ್ನ ಜಡೆ ಸರಿಮಾಡಲು ಬಂದು ಅವರ ಪರದೆಯನ್ನು ಎಡವಿದಳು. ನಾನು ಹಲ್ಲು ಬಿಟ್ಟು ನಕ್ಕೆ. ಫೋಟೋ ಆಗಿಹೋಯಿತು. ಅದನ್ನು ನೋಡಿ ಒಪ್ಪಿದವರು ಈ ಅತ್ತೆಯೇ.

ಇಷ್ಟೆಲ್ಲ ನೆನಪಿದ್ದೂ ಬುದ್ಧಿ ಬರಲಿಲ್ಲ ನೋಡಿ. ತಿಂಡಿಯಾದ ಮೇಲೆ ಗಿಡ್ಡ ಲೆನ್ಸನ್ನು ಯಜಮಾನರ ಮೇಲೆ ಪ್ರಯೋಗಿಸಿದೆ. ಮುಖ ತುಂಬಿಸಿಕೊಳ್ಳಲು ಹತ್ತಿರ ಹೋಗಲೇಬೇಕು. ಮೂಗು ಬದನೆಕಾಯಿಯಾಯಿತು, ಕಿವಿಗಳು ಎಲ್ಲೋ ಹಿಂದೆ ಉಳಿದವು. “ಈ ಮುಖ ನಂದು ಅಂತ ಎಲ್ಲೂ ಹೇಳ್ಬೇಡ” ಎಂದು ಅವರು ಪೇಪರಿನೊಳಗೆ ಹೊಕ್ಕರು. ನಡುವಿನದನ್ನು ಹಿಡಿದು ಅತ್ತೆಯ ಎದುರು ಕೂತೆ. ಸೆರಗು ತಾನಾಗಿ ಮೇಲೆ ಬಂತು. “ಇಷ್ಟ್ ಹತ್ರ ಬಂದ್ರೆ ದೃಷ್ಟಿ ತೆಗಿಯಾಕ್ ಬಂದಂಗಾಯ್ತದೆ ಕಣವ್ವ.” ದಪ್ಪ ಲೆನ್ಸಿನಲ್ಲಿ ಅವರ ಮುಖ ಹಿಡಿಸಲು ಹಿಂದೆ ಸರಿದು ಸರಿದು ಬೆನ್ನು ಬೀರುವಿಗೆ ತಾಗಿತು, ಆಗಲೂ ಹಣೆ ಸಿಕ್ಕರೆ ಗದ್ದ ಇಲ್ಲ. ಇದು ನಮ್ಮ ಮನೆಯ ಅಳತೆಯದಲ್ಲ ಎಂದು ಮೂರನ್ನೂ ಚೀಲಕ್ಕೆ ತುಂಬಿದೆ. ಅತ್ತೆ ಎದ್ದು ಜಗಲಿಗೆ ಹೋದರು. ಅವರ ಮುಖದಲ್ಲಿ ಬಿಡುಗಡೆಯಾದ ಸಮಾಧಾನ. ನನಗೆ ಅಳು ಬರುವಂತಾಯಿತು.

ಅಷ್ಟರಲ್ಲಿ ಜಗಲಿಯಿಂದ ಆ ಸದ್ದು. ಲೊಡ್. ಲೊಡ್.

ಅಟ್ಟದಿಂದ ಇಳಿಸಿದ ತೆಂಗಿನಕಾಯಿಗಳನ್ನು ಅತ್ತೆ ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ವರ್ಷದ ಹತ್ತಿರ ಅಟ್ಟದಲ್ಲಿ ಕೂತ ಕಾಯಿಯೊಳಗೆ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಲೊಡ್ ಎನ್ನುತ್ತದೆ. ಇನ್ನೂ ಹಸಿಯಿದ್ದರೆ ನೀರು ಕುಲುಕುತ್ತದೆ. ನಾವೆಲ್ಲ ಹತ್ತರಲ್ಲಿ ಎರಡು ತಪ್ಪುತ್ತೇವೆ, ಅವರು ತಪ್ಪುವುದಿಲ್ಲ. ಎಡಗಿವಿ ಮಂದವಾದ್ದರಿಂದ ಕಾಯಿ ಬಲಗಿವಿಗೇ ಬರಬೇಕು. ಎರಡೂ ಕೈ ಕಾಯಿಯ ಮೇಲಿದ್ದರೆ ಸೆರಗಿಗೆ ಕೈಯೆಲ್ಲಿ? ಅದು ಹೆಗಲಿಗೆ ಜಾರಿತ್ತು. ಎಡಗೆನ್ನೆ ಬೆಳಕಿಗೆ ತೆರೆದಿತ್ತು.

ದಪ್ಪ ಲೆನ್ಸನ್ನು ಚೀಲದಿಂದ ಹೊರತೆಗೆದೆ. ಅಂಗಳಕ್ಕಿಳಿದು ಒಂದು, ಎರಡು ಎಂದು ಎಣಿಸುತ್ತ ಆರು ಹೆಜ್ಜೆ ಹಿಂದೆ ಹೋದೆ. ನಾನಲ್ಲಿದ್ದೇನೆಂಬುದು ಅವರಿಗೆ ಮರೆತುಹೋಯಿತು. ಕಣ್ಣು ಅರೆಮುಚ್ಚಿ, ಕತ್ತು ವಾಲಿಸಿ, ಕಾಯಿಯೊಳಗಿನ ಯಾರೋ ಗುಟ್ಟು ಹೇಳುತ್ತಿರುವಂತೆ ಕೇಳಿಸಿಕೊಳ್ಳುತ್ತಿದ್ದರು. ಕ್ಲಿಕ್.

ಕದ್ದು ಇಟ್ಟುಕೊಳ್ಳುವ ಮನಸ್ಸಾಗಲಿಲ್ಲ. ಹತ್ತಿರ ಹೋಗಿ ತೋರಿಸಿದೆ. ಕಪ್ಪು-ಬಿಳುಪಿನಲ್ಲೂ ಮಚ್ಚೆ ಮಾಯವಾಗಿರಲಿಲ್ಲ, ಹಣೆಯ ವಿಭೂತಿಯಷ್ಟೇ ಬೆಳ್ಳಗೆ, ಇದ್ದಲ್ಲೇ ಇತ್ತು. ಅತ್ತೆ ಬಹಳ ಹೊತ್ತು ನೋಡಿದರು.

“ನಾನು ಹಿಂಗಿದೀನಾ?”

“ಹೀಗೇ ಇದೀರಿ ಅತ್ತೆ.”

“ಕಾಗದದ ಮ್ಯಾಲೆ ಹಾಕ್ಸು. ಮೊದ್ಲು ನೋಡಿದೋರು ಮಚ್ಚೆ ಸುದ್ದಿ ಎತ್ತಿದ್ರೆ ಒಲೆಗೆ ಹಾಕ್ಬುಡ್ಬೇಕು. ಆಮ್ಯಾಕೆ ಫೋಟೋ ಅಂತ ನನ್ನ ಕೇಳಂಗಿಲ್ಲ.”

ಮಧ್ಯಾಹ್ನ ತಿಪಟೂರಿಗೆ ಹೋಗಿ ಗಿಡ್ಡದ್ದನ್ನೂ ನಡುವಿನದನ್ನೂ ಮರಳಿಸಿದೆ. ಚಿತ್ರವನ್ನು ದೊಡ್ಡದಾಗಿ ಹಾಕಿಕೊಟ್ಟ ಇಮ್ತಿಯಾಜ್, “ನಮ್ಮ ಅಬ್ಬಾ ಇದ್ದಿದ್ರೆ ಖುಷಿಪಡ್ತಿದ್ರು” ಎಂದ. ಆದರೆ ಅವನು ಈ ಕಸುಬಿನವನು, ಅವನ ಮಾತು ಲೆಕ್ಕಕ್ಕಿಲ್ಲ ಎಂದು ನಾನು ಮನೆಗೆ ಬಂದಕೂಡಲೇ ಅತ್ತೆ ತೀರ್ಪು ಕೊಟ್ಟರು.

ಸಂಜೆ ಮೊದಲು ಬಂದವರು, ನನ್ನ ಗ್ರಹಚಾರ, ಪಕ್ಕದ ಮನೆಯ ಗಂಗಮ್ಮ. ನಾನು ಹೊಸದಾಗಿ ಈ ಮನೆಗೆ ಬಂದ ದಿನ, “ಹುಡ್ಗಿ ಲಕ್ಷಣವಾಗವ್ಳೆ, ಕೆಲ್ಸ ಬರಂಗ್ ಕಾಣಾಕಿಲ್ಲ” ಎಂದು ನನ್ನೆದುರೇ ಹೇಳಿದವರು. ಕರಿಬೇವು ಕೇಳಲು ಬಂದವರು ಜಗಲಿಯಲ್ಲಿದ್ದ ಚಿತ್ರವನ್ನು ಎತ್ತಿಕೊಂಡರು. ದೂರ ಹಿಡಿದರು, ಹತ್ತಿರ ಹಿಡಿದರು. ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿದ್ದರು. ಅವರ ಕೈ ಮಾತ್ರ ಮಡಿಲಲ್ಲೇ ಇತ್ತು, ಸೆರಗಿಗೆ ಹೋಗಿರಲಿಲ್ಲ.

ಗಂಗಮ್ಮ ಚಿತ್ರವನ್ನು ನನ್ನ ಕೈಗಿಟ್ಟು, ಕರಿಬೇವಿನ ಗಿಡದತ್ತ ನಡೆಯುತ್ತಲೇ ಅತ್ತೆಯನ್ನು ಕೇಳಿದರು: “ಅಲ್ಲ ಕಣಕ್ಕಾ, ಆ ಕಾಯಿ ಕೊಬ್ರಿ ಆಗಿತ್ತಾ, ಇನ್ನಾ ನೀರಿತ್ತಾ?”