ನೇಪಾಳಿ ಅಕ್ಕನಿಗೆ ಹೇಳಿದ ಮಾತು

ಮೊನ್ನೆ ಅಪಾರ್ಟ್‌ಮೆಂಟಿನ ಮೆಟ್ಟಿಲಿಳಿಯುತ್ತಿದ್ದೆ. ಯಾರದೋ ಅಡುಗೆಮನೆಯಿಂದ ಸಾಸಿವೆ ಎಣ್ಣೆ ಕಾಯುವ ಘಾಟು ಬಂತು. ಕೈ ತಾನಾಗಿ ಕಂಬಿ ಹಿಡಿದುಕೊಂಡಿತು...

ತೊಂಬತ್ತರ ದಶಕದಲ್ಲಿ ನಾವು ರಾಜಗೋಪಾಲನಗರದ ಒಂದು ವಠಾರದಲ್ಲಿದ್ದೆವು. ಪಕ್ಕದ ಮನೆಗೆ ನೇಪಾಳದಿಂದ ಗಂಡ ಹೆಂಡತಿ ಬಂದರು. ಅವರ ಅಡುಗೆಯೆಲ್ಲ ಸಾಸಿವೆ ಎಣ್ಣೆಯಲ್ಲೇ. ಗಂಡ ಪೀಣ್ಯದ ಕಾರ್ಖಾನೆಯೊಂದರಲ್ಲಿ ವಾಚ್‌ಮನ್. ಹೊರಗೆ ಓಡಾಡಿ ಕನ್ನಡ ಕಲಿತಿದ್ದರು. ಹೆಂಡತಿಯನ್ನು ನಾವು ಅಕ್ಕ ಎನ್ನುತ್ತಿದ್ದೆವು. ಅವರಿಗೆ ನೀರು, ಅಕ್ಕಿ, ಸಾಕು, ಬೇಡ ಬಿಟ್ಟರೆ ಏನೂ ಬರುತ್ತಿರಲಿಲ್ಲ. ಒಮ್ಮೆ ಉಪ್ಪು ಕೇಳಲು ಹೋಗಿ ಸೊಪ್ಪು ತಂದರು. ನಲ್ಲಿಯ ಹತ್ತಿರ ಎಲ್ಲರೂ ನಕ್ಕಾಗ ತಾವೂ ನಕ್ಕರು. ಆಮೇಲೆ ಒಳಗೆ ಹೋಗಿ ಸಂಜೆಯವರೆಗೂ ಬಾಗಿಲು ತೆರೆಯಲಿಲ್ಲ.

ಅಂದಿನಿಂದ ಅಮ್ಮನೇ ಕಲಿಸತೊಡಗಿದಳು. ಮಧ್ಯಾಹ್ನ ಹೊಸ್ತಿಲ ಬಳಿ ಅವರೇಕಾಯಿ ಸುಲಿಯುತ್ತಾ ಪಾಠ. ಒಂದು ದಿನ ಅಕ್ಕ ಎದ್ದು "ಹೋಗ್ತೀನಿ" ಎಂದಾಗ ಅಮ್ಮ ಕೈ ಹಿಡಿದು ಕೂರಿಸಿದಳು.

"ಹಂಗನ್ಬಾರ್ದು ಕಣಮ್ಮಾ. ಹೋಗ್ತಿದ್ರೂ ಬರ್ತೀನಿ ಅನ್ಬೇಕು."

ಅಕ್ಕನಿಗೆ ಇದು ಬಹಳ ಹಿಡಿಸಿಬಿಟ್ಟಿತು. ಗಂಡ ಕೆಲಸಕ್ಕೆ ಹೊರಟಾಗ ಬಾಗಿಲಲ್ಲಿ ತಡೆದು ಹೇಳಿಸುತ್ತಿದ್ದರು. ಅವರು ನಗುತ್ತಾ "ಬರ್ತೀನಿ, ಬರ್ತೀನಿ" ಎಂದು ಸೈಕಲ್ ಹತ್ತುತ್ತಿದ್ದರು.

ಒಂದು ಶನಿವಾರ ನಾನು ಶಾಲೆ ಮುಗಿಸಿ ಬಂದಾಗ ಅವರ ಮನೆಯ ಮುಂದೆ ಜನ ಸೇರಿದ್ದರು. ಕಾರ್ಖಾನೆಯ ಗೇಟಿನಲ್ಲಿ, ಹಿಂದಕ್ಕೆ ಬರುತ್ತಿದ್ದ ಲಾರಿ ಅಕ್ಕನ ಗಂಡನಿಗೆ ಬಡಿದಿತ್ತು. ಆಸ್ಪತ್ರೆ ಸೇರುವ ಮೊದಲೇ ಪ್ರಾಣ ಹೋಗಿತ್ತು. ಸುದ್ದಿ ತಂದಿದ್ದ ಸೂಪರ್‌ವೈಸರ್ ತಲೆ ತಗ್ಗಿಸಿ, "ಅವ್ರು ಹೋಗ್ಬಿಟ್ರಮ್ಮಾ" ಎಂದರು.

"ಎಲ್ಲಿ?" ಎಂದು ಕೇಳಿದರು ಅಕ್ಕ.

ಅಕ್ಕ ಅಮ್ಮನ ಕಡೆ ತಿರುಗಿದರು. "ಬರ್ತೀನಿ ಹೇಳಿದ್ರು... ಬೆಳಿಗ್ಗೆ ಹೇಳಿದ್ರು..."

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸತ್ತರು ಎಂಬ ಆ ಇನ್ನೊಂದು ಪದವನ್ನು ಅವರ ಮುಖ ನೋಡಿ ಹೇಳುವುದು ಅವಳಿಂದಾಗಲಿಲ್ಲ. ಹೇಳಿದ್ದರೂ ಅಕ್ಕನಿಗೆ ತಿಳಿಯುತ್ತಿರಲಿಲ್ಲ; ಅದನ್ನು ಯಾರೂ ಕಲಿಸಿರಲಿಲ್ಲ. "ನಿಂಗೆ ಸ್ಕೂಲಲ್ಲಿ ಹಿಂದಿ ಇದ್ಯಲ್ಲೇ... ನೀನೇ ಹೇಳು" ಎಂದು ನನ್ನನ್ನು ಮುಂದಕ್ಕೆ ತಳ್ಳಿದಳು.

ಆಗ ನಾನು ಎಂಟನೇ ಕ್ಲಾಸು. ಟೀಚರಿಗೆ ಉತ್ತರ ಒಪ್ಪಿಸುವಂತೆ, ಮರ್ಯಾದೆಯ ಬಹುವಚನ ತಪ್ಪದಂತೆ ಹೇಳಿದೆ: "ಆಪ್ ಕೇ ಪತಿ ಮರ್ ಗಯೇ."

ಅವರ ಭಾಷೆಯಲ್ಲೂ ಅದಕ್ಕೆ ಹತ್ತಿರದ ಪದವೇ ಇದ್ದಿರಬೇಕು. ಅಕ್ಕ ಅಳಲಿಲ್ಲ. ನನ್ನ ತುಟಿಗಳನ್ನೇ ನೋಡುತ್ತಾ, ನಾನು ಇನ್ನೂ ಏನೋ ಹೇಳುವುದಿದೆ ಎಂಬಂತೆ ಕಾಯುತ್ತಾ ಕೂತುಬಿಟ್ಟರು...

ಕೆಲವು ದಿನಗಳ ನಂತರ ಮೈದುನ ಬಂದು ಅವರನ್ನು ಊರಿಗೆ ಕರೆದೊಯ್ದ. ಹೊರಡುವಾಗ ಅಕ್ಕ ಅಮ್ಮನನ್ನು ತಬ್ಬಿಕೊಂಡರು. ನಾನು ಹತ್ತಿರ ಹೋದೆ. ಅವರು ಮುಖ ಪಕ್ಕಕ್ಕೆ ತಿರುಗಿಸಿದರು.

ಇಂದಿಗೂ ಸಾವಿನ ಸುದ್ದಿಯನ್ನು ನಾನು ಯಾರಿಗೂ ಹೇಳುವುದಿಲ್ಲ. ಅಮ್ಮ ತೀರಿಕೊಂಡಾಗಲೂ ಎಲ್ಲರಿಗೂ ಫೋನ್ ಮಾಡಿದವನು ತಮ್ಮ. ನೇಪಾಳಿ ಅಕ್ಕನಿಗೂ ತಿಳಿಸಬೇಕಿತ್ತು, ಅವರು ಅಮ್ಮನನ್ನು ಮರೆತಿರಲಾರರು ಎಂದು ಮಾತಾಡಿಕೊಂಡೆವು. ಅವರ ಊರಿನ ಹೆಸರು ಗೊತ್ತಿದ್ದದ್ದು ಅಮ್ಮನೊಬ್ಬಳಿಗೇ.