ಸವಾ ಲಕ್ಷಕ್ಕೆ ನಲವತ್ನಾಲ್ಕು ಕಡಿಮೆ

ಉಗಾರ ಬುದ್ರುಕದ ಕುಸುಮ ಹರಕೆ ಹೊತ್ತಿದ್ದಳು. ಗಂಡ ಶ್ರೀಪಾಲನ ಎದೆಯ ಆಪರೇಷನ್ನಿಗೆ ಮೊದಲು ಸವಾ ಲಕ್ಷ ಸಲ, ಅಂದರೆ ಒಂದು ಲಕ್ಷ ಇಪ್ಪತ್ತೈದು ಸಾವಿರ ಸಲ, ಜೈನರ ಣಮೋಕಾರ ಮಂತ್ರದ ಜಪ ಮುಗಿಯಬೇಕು. ಎರಡು ತಿಂಗಳು ಒಲೆಯ ಮುಂದೆ, ಎಮ್ಮೆಯ ಹತ್ತಿರ, ಕೊನೆಗೆ ಕುಡಚಿಯಿಂದ ಹತ್ತಿದ ರೈಲಿನಲ್ಲೂ ಬೆರಳು ನಿಲ್ಲಲಿಲ್ಲ. ನೂರಾ ಎಂಟು ಮಣಿಯ ಮಾಲೆ. ಒಂದು ಸುತ್ತಿಗೆ ಒಂದು ಗೋವಿನಜೋಳದ ಕಾಳು ಚೀಲಕ್ಕೆ.

ಅದು ೧೯೮೯. ಮಿರಜಿನ ದವಾಖಾನೆ. ಹನ್ನೊಂದಕ್ಕೆ ಒಳಗೆ ಒಯ್ಯುತ್ತೇವೆ ಎಂದು ನರ್ಸ್ ಹೇಳಿ ಹೋದಳು. ಆಗ ಹತ್ತೂವರೆ.

"ಒಂದ ಮಾಲಿ ಉಳದೈತ್ರಿ. ಅಲ್ಲಿಗೆ ಸವಾ ಲಕ್ಷ," ಎಂದಳು ಕುಸುಮ.

ಶ್ರೀಪಾಲ ಕಲಿತದ್ದು ಐದನೇ ಇಯತ್ತೆ. ಆದರೆ ರೈಲಿನ ಡಬ್ಬಿಯ ಮೇಲೆ ನಂಬರ್ ಕಂಡರೂ ಅದು ಯಾವ ಯಾವ ಅಂಕಿಯಿಂದ ಭಾಗವಾಗುತ್ತದೆ ಎಂದು ಒಡೆದು ನೋಡುವ ಚಟ.

"ಕಾಳ ಎಷ್ಟದಾವ?"

"ಸಾವಿರದ ನೂರಾ ಐವತ್ತೇಳು."

ಅವನು ಕಣ್ಣು ಮುಚ್ಚಿ ಗುಣಿಸಿದ. "ಹಂಗಾರ ಇನ್ನ ನಲವತ್ನಾಕ ಮಂತ್ರ ಅಷ್ಟ. ಮಾಲಿ ಪೂರಾ ಬರೂದಿಲ್ಲ."

"ಅಷ್ಟ ದೊಡ್ಡ ಅಂಕಿಗೆ ಮಾಲಿ ಕೂಡೂದಿಲ್ಲೇನ್ರಿ?"

"ದೊಡ್ಡದಿದ್ರ ಏನಾತು? ಸವಾ ಲಕ್ಷ ಒಡದ್ರ ಎರಡು ಅನ್ನೂದು ಮೂರು ಸಲ, ಐದು ಅನ್ನೂದು ಆರು ಸಲ ಬರ್ತಾವ. ಮುಗೀತು. ಮೂರು ಅದರಾಗ ಇಲ್ಲ. ನಿನ್ನ ನೂರಾ ಎಂಟಕ್ಕ ಮೂರು ಬೇಕ ಬೇಕು."

ಅತ್ತೆ ಲಕ್ಷ್ಮಿಬಾಯಿ ಸಿಡಿದಳು. "ಮಾಸ್ತರಕಿ ಸಾಕ ಮಾಡೋ. ಕಡೀ ಮಾಲಿ ಕೂತ ಮುಗಸಬೇಕು, ನಡಬರಕ ಬಿಡಬಾರದು. ತುದಿಯ ಮೇರುಮಣಿ ಮುಟ್ಟೂತನಕ ಕುಸುಮ ಏಳಂಗಿಲ್ಲ."

"ಅರವತ್ನಾಕ ಹೆಚ್ಚಾಗ್ತಾವಬೇ ಅವ್ವ. ದೇವ್ರು ವಾಪಸ್ ಕೊಡ್ತಾನೇನು?"

ಕುಸುಮ ನಗಲಿಲ್ಲ. ಗೋಡೆಗೆ ಆನಿಕೊಂಡು ಮಾಲೆ ಹಿಡಿದಳು.

ಮೂವತ್ತನೇ ಮಣಿಗೆ ಬಂದಿದ್ದಳು. ಹನ್ನೊಂದಾಗುವ ಮುಂಚೆಯೇ ಗಾಲಿಮಂಚ ಬಂತು. "ಚಲಾ, ಚಲಾ," ಎಂದು ವಾರ್ಡಿನವನು ಮರಾಠಿಯಲ್ಲಿ ಅವಸರ ಮಾಡಿದ. ಇಬ್ಬರು ಶ್ರೀಪಾಲನನ್ನು ಎತ್ತಿ ಮಲಗಿಸಿದರು. ಅವನು ಕತ್ತು ಹೊರಳಿಸಿ ಅವಳನ್ನೇ ಹುಡುಕಿದ. ಅವಳ ತುಟಿ ಓಡುತ್ತಿತ್ತು. ಮೂವತ್ತಾರು. ಗಾಲಿ ಬಾಗಿಲು ದಾಟಿತು. ನಲವತ್ತು. ಗಾಲಿಯ ಸದ್ದು ಪಡಸಾಲೆಯ ತುದಿಗೆ ಹೋಯಿತು. ನಲವತ್ತಮೂರು.

ನಲವತ್ನಾಲ್ಕು.

"ಏಳಬ್ಯಾಡಾ!" ಅತ್ತೆ ಸೆರಗು ಹಿಡಿದಳು.

ಕುಸುಮ ಸೆರಗು ಕಿತ್ತುಕೊಂಡಳು. ಮಾಲೆ ನೆಲಕ್ಕೆ ಬಿತ್ತು. ಓಡಿದಳು. ಆಪರೇಷನ್ ಕೋಣೆಯ ಬಾಗಿಲಲ್ಲಿ ಅವನ ಕೈ ಸಿಕ್ಕಿತು.

"ಆತ್ರಿ. ಸವಾ ಲಕ್ಷ ಆತು."

"ಒಂದೂ ಹೆಚ್ಚಿಲ್ಲಲಾ?"

"ಇಲ್ರಿ."

ಅವನು ಕೈ ಒತ್ತಿದ. ಬಾಗಿಲು ಮುಚ್ಚಿತು.

ಮಧ್ಯಾಹ್ನ ಎರಡಕ್ಕೆ ಡಾಕ್ಟರು ಹೊರಗೆ ಬಂದು ತಲೆ ತಗ್ಗಿಸಿದರು.

ಬಿಟ್ಟ ಅರವತ್ನಾಲ್ಕು ಮಣಿಯೇ ಮಗನನ್ನು ತಿಂದವು ಎಂದು ಲಕ್ಷ್ಮಿಬಾಯಿ ಸಾಯುವವರೆಗೂ ಬೈದಳು. ಕುಸುಮಳಿಗೆ ಗೊತ್ತಿದ್ದದ್ದು ಇಷ್ಟೇ: ಅವನ್ನೂ ಎಣಿಸುತ್ತ ಕೂತಿದ್ದರೆ ಅವನು ಅವಳ ಕೈ ಹಿಡಿಯದೆ ಒಳಗೆ ಹೋಗುತ್ತಿದ್ದ.