ಸೂರ್ಯ ಮುಳುಗುವ ಮೊದಲೋ ನಂತರವೋ

ಹೊತ್ತು ಮುಳುಗುವಾಗ ಯಾರು ಮನೆಗೆ ಬಂದರೂ "ಊಟ ಆಯಿತಾ?" ಎಂದು ಕೇಳುವ ಕೆಟ್ಟ ಅಭ್ಯಾಸ ನನಗುಂಟು. ಬಂದವರು ಗಲಿಬಿಲಿಗೊಳ್ಳುತ್ತಾರೆ. ಕಾಫಿಗೆ ತಡವಾದ, ಊಟಕ್ಕೆ ಬೇಗನಾದ ಆ ಹೊತ್ತಿನಲ್ಲಿ ಅದೆಂಥ ಪ್ರಶ್ನೆ! ಹೆಂಡತಿ ಒಳಗಿಂದ ಕೆಮ್ಮುತ್ತಾಳೆ. ಏನು ಮಾಡಲಿ, ಅಮ್ಮನಿಂದ ನನಗೆ ಬಂದ ಆಸ್ತಿ ಅದೊಂದೇ.

ನಮ್ಮದು ಮೂಡುಬಿದಿರೆಯ ಜೈನ ಮನೆ. ಸೂರ್ಯ ಮುಳುಗಿದ ಮೇಲೆ ಅಮ್ಮ ಉಣ್ಣುತ್ತಿರಲಿಲ್ಲ, ಒಲೆಯನ್ನೂ ಹಚ್ಚುತ್ತಿರಲಿಲ್ಲ. ಕತ್ತಲಲ್ಲಿ ಹುಳುಹುಪ್ಪಟೆ ಅನ್ನಕ್ಕೆ ಬಿದ್ದು ಸಾಯಬಾರದೆಂದು ಹಿಂದಿನವರು ಮಾಡಿದ ಕಟ್ಟಳೆ. ನಾಲ್ಕಕ್ಷರ ಕಲಿತ ನಾನು ಒಂದು ಪೆಟ್ರೋಮ್ಯಾಕ್ಸ್ ತಂದು ಜಗಲಿಯಲ್ಲಿ ತೂಗುಹಾಕಿ, "ಇನ್ನು ಸಾಸಿವೆ ಕಾಳೂ ಕಾಣ್ತದೆ. ಕಟ್ಟಳೆಯ ಕಾರಣವೇ ಹೋಯ್ತಲ್ಲ ಅಮ್ಮ?" ಎಂದು ವಾದಿಸಿದೆ. ಅಮ್ಮ ದೀಪಕ್ಕೆ ಮುತ್ತಿದ ಹಾತೆಗಳನ್ನು ನೋಡಿ, "ಊರಿನ ಹುಳವನ್ನೆಲ್ಲ ಊಟಕ್ಕೆ ಕರೆದದ್ದು ನೀನೇ ಅಲ್ವಾ ಮಾರಾಯ?" ಎಂದಳು. ನನ್ನ ತರ್ಕಶಾಸ್ತ್ರವನ್ನು ದೀಪದ ಜೊತೆಗೇ ಆರಿಸಿದೆ.

ಐವತ್ತರ ದಶಕದ ಆ ದಿನಗಳಲ್ಲಿ ನಮ್ಮ ಜಗಲಿಗೆ ಇಬ್ಬರು ಬರುತ್ತಿದ್ದರು. ಒಬ್ಬ ಎಲಿಯಾಸ್. ಕೊಚ್ಚಿಯ ಯಹೂದಿ, ಬಂಟ್ವಾಳದ ಕಡೆಯ ಹಂಚಿನ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವ ರೈಟರ್. ಮಾಂಸದ ವಿಷಯದಲ್ಲಿ ಅವನ ಶಾಸ್ತ್ರ ಎಷ್ಟು ಬಿಗಿಯೆಂದರೆ ಹೋಟೆಲಿನ ಪಾತ್ರೆಯನ್ನೂ ನಂಬುತ್ತಿರಲಿಲ್ಲ. ಮಾಂಸದ ವಾಸನೆಯನ್ನೇ ಕಾಣದ ಅಮ್ಮನ ಅಡುಗೆಮನೆ ಅವನಿಗೆ ತವರಾಯಿತು. ಶುಕ್ರವಾರ ಸೂರ್ಯ ಮುಳುಗಿದರೆ ಅವನ ಸಬ್ಬತ್ತು, ಅಂದರೆ ದೇವರು ವಿಧಿಸಿದ ವಿಶ್ರಾಂತಿಯ ದಿನ, ಶುರು. ಮರುದಿನ ಕತ್ತಲಾಗುವ ತನಕ ಬೆಂಕಿ ಮುಟ್ಟುವಂತಿಲ್ಲ, ಪ್ರಯಾಣ ಮಾಡುವಂತಿಲ್ಲ.

ಇನ್ನೊಬ್ಬರು ಮಿಜಾರಿನ ಸಂಜೀವ ಮಾಸ್ತರು. ಪುಣೆಯಲ್ಲಿದ್ದಾಗ ಇರಾನಿ ಹೋಟೆಲಿನ ಯಜಮಾನನೊಬ್ಬನ ಸಹವಾಸದಿಂದ, ಹೊಸ ಕಾಲಕ್ಕೆ ಹೊಸ ಪ್ರವಾದಿ ಬಂದಾಯಿತೆಂದು ನಂಬುವ ಬಹಾಯಿ ಧರ್ಮಕ್ಕೆ ಸೇರಿ ಬಂದವರು. ಇಬ್ಬರೂ ಸೇರಿದರೆ ಜಗಲಿಯಲ್ಲಿ ಒಂದೇ ಚರ್ಚೆ, ಹಳೆಯ ಕಟ್ಟಳೆ ಇನ್ನೂ ಬೇಕೇ ಎಂದು.

"ಪ್ರೀತಿ, ಸತ್ಯ ಯಾವತ್ತಿಗೂ ಉಂಟು. ಊಟದ್ದು, ದಿನವಾರದ್ದು ಕಾಲಕ್ಕೆ ತಕ್ಕ ಮದ್ದು. ಹೊಸ ವೈದ್ಯ ಬಂದು ಹೊಸ ಮದ್ದು ಕೊಟ್ಟಾಯ್ತು, ನೀವು ಹಳೆಯ ಬಾಟ್ಲಿ ಹಿಡ್ಕೊಂಡು ಕೂತಿದ್ದೀರಿ" ಎಂದು ಮಾಸ್ತರು.

"ಇದು ಮದ್ದಲ್ಲ ಮಾಸ್ತರೇ, ಮಾತು. ದೇವರಿಗೂ ನಮ್ಮ ಹಿರಿಯರಿಗೂ ಆದ ಮಾತು. ಅವನು ಹಿಂದೆ ತಕ್ಕೊಳ್ಳಲಿಲ್ಲ, ನಾವು ಹೇಗೆ ಬಿಡುವುದು? ಜೀವ ಉಳಿಸ್ಲಿಕ್ಕೆ ಸಬ್ಬತ್ತು ಮುರಿಯಬಹುದು. ಅದನ್ನೂ ಕಟ್ಟಳೆಯೇ ಹೇಳ್ತದೆ" ಎಂದು ಎಲಿಯಾಸ್.

ನಾನು ಇಬ್ಬರಿಗೂ ತಲೆಯಾಡಿಸುತ್ತಿದ್ದೆ. ಆದರೆ ಮಾರ್ಚ್ ತಿಂಗಳು ಬಂದರೆ ಮಾಸ್ತರದೂ ಉಪವಾಸ. ಸೂರ್ಯ ಹುಟ್ಟಿದಲ್ಲಿಂದ ಮುಳುಗುವ ತನಕ ಒಂದು ತೊಟ್ಟು ನೀರೂ ಇಲ್ಲ. ಹಳೆಯದು ಬೇಡವೆಂದವರ ಹೊಸ ಕಟ್ಟಳೆಯೂ ಅದೇ ಸೂರ್ಯನ ಬಾಲ ಹಿಡಿದಿತ್ತಲ್ಲ ಎಂದು ಅವರನ್ನು ಸಾಕಷ್ಟು ಕಾಡಿಸಿದ್ದೇನೆ.

ಅಂಥ ಒಂದು ಮಾರ್ಚಿನಲ್ಲಿ ಎಲಿಯಾಸನ ಜನ ಕೊಚ್ಚಿ ಬಿಟ್ಟು ಇಸ್ರೇಲಿಗೆ ಹೊರಟರು. ಅವನೂ ಹೊರಟ. ಇನ್ನು ತಿರುಗಿ ಬರುವ ಮಾತಿಲ್ಲ. ಅಮ್ಮನದು ಒಂದೇ ಆಸೆ, ಹೋಗುವ ಮೊದಲು ನಮ್ಮ ಮೂವರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಬಡಿಸಬೇಕು. ಅವನಿಗೆ ಬಿಡುವಿದ್ದದ್ದು ಒಂದು ಗುರುವಾರದ ಸಂಜೆ ಮಾತ್ರ.

ಆ ದಿನ ಇಳಿಹೊತ್ತಾದರೂ ಒಲೆ ತಣ್ಣಗಿತ್ತು. ಕೇಳಿದರೆ ಅಮ್ಮ, "ಮಾಸ್ತರದ್ದು ಉಪವಾಸ ಅಲ್ವಾ? ಇವತ್ತೊಂದು ದಿನ ಕತ್ತಲಾದ ಮೇಲೆ ಬಡಿಸುವ. ನಾನು ಉಣ್ಣುವುದಿಲ್ಲ, ಬಡಿಸ್ತೇನೆ" ಎಂದಳು. ನಾನು ದಂಗಾದೆ. ಹುಟ್ಟಿದಂದಿನಿಂದ ಆ ಮನೆಯಲ್ಲಿ ನಾನು ಕೇಳದ ಮಾತದು. ಬಿಸಿಬಿಸಿ ಇರಲಿ ಎಂದು ಕುಚ್ಚಲಕ್ಕಿಯನ್ನು ಆಗಷ್ಟೇ ಒಲೆಗೆ ಏರಿಸಿದಳು. ಅದು ಬೇಯುವ ಚಂದ ನಿಮಗೆ ಗೊತ್ತೇ ಇದೆ, ಅವಸರ ಎಂದರೆ ಕೇಳುವ ಅಕ್ಕಿಯಲ್ಲ.

ಅಷ್ಟರಲ್ಲಿ ಮಾಸ್ತರು ಬಂದರು. "ನನ್ನಿಂದಾಗಿ ಅಮ್ಮನ ಕಟ್ಟಳೆ ಕೆಡುವುದು ಬೇಡ ಅಂತ ಇವತ್ತು ಉಪವಾಸ ಬಿಟ್ಟೇ ಬಂದೆ. ಹೊತ್ತಿರುವಾಗಲೇ ಬಡಿಸಿ" ಎಂದು ನಕ್ಕರು. ಅವರ ಹಿಂದೆಯೇ ಎಲಿಯಾಸ್. "ಅಮ್ಮ ಹೊತ್ತಿಗೆ ಮೊದಲೇ ಬಡಿಸ್ತಾರಲ್ಲ, ಅದಕ್ಕೆ ಕಾರ್ಖಾನೆಯ ಲಾರಿಗೆ ಸೂರ್ಯ ಮುಳುಗುವಾಗ ಬರ್ಲಿಕ್ಕೆ ಹೇಳಿದ್ದೇನೆ" ಎಂದ.

ಅಯ್ಯೋ ದೇವರೇ! ಕೊಚ್ಚಿಯ ಕಡೆಗೆ ಹೋಗುವ ರಾತ್ರಿಯ ರೈಲು ತಪ್ಪಿದರೆ ಮರುದಿನ ದಾರಿಯಲ್ಲೇ ಸಬ್ಬತ್ತು ಶುರುವಾಗುತ್ತದೆ. ಇರು ಎನ್ನುವ ಬಾಯಿ ಯಾರಿಗಿತ್ತು? ಅಮ್ಮ ಒಲೆಗೆ ಕಟ್ಟಿಗೆ ತುರುಕಿದಳು, ಊದಿದಳು, ಅಗುಳನ್ನು ಬೆರಳಲ್ಲಿ ಹಿಚುಕಿ ಹಿಚುಕಿ ನೋಡಿದಳು. ನಡುವೆ ಗಟ್ಟಿ. ಹೊರಗೆ ಹಾರ್ನ್ ಕೇಳಿತು. ಅಮ್ಮ ಮನೆಯಲ್ಲಿದ್ದ ಬಾಳೆಹಣ್ಣನ್ನು ಅವನ ಕೈಗಿಟ್ಟು ಮುಖ ತಿರುಗಿಸಿಕೊಂಡಳು. ಎಲಿಯಾಸ್ ಬಗ್ಗಿ ಅವಳ ಕಾಲು ಮುಟ್ಟಿ, "ಅಮ್ಮ, ಮುಂದಿನ ಸಲ ಎಲ್ಲರೂ ಅವರವರ ಕಟ್ಟಳೆ ಹಿಡ್ಕೊಂಡೇ ಇರುವ. ನನಗೆ ಅನ್ನವಾದ್ರೂ ಸಿಗ್ತದೆ" ಎಂದ. ಎಲ್ಲರೂ ನಕ್ಕೆವು. ಮುಂದಿನ ಸಲ ಎಂಬುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಕತ್ತಲಾದ ಮೇಲೆ ಅನ್ನ ಬೆಂದಿತು. ಮಾಸ್ತರ ಮತ್ತು ನನ್ನ ಎಲೆಗಳ ನಡುವೆ ಖಾಲಿ ಎಲೆಯೊಂದಿತ್ತು. ಅದನ್ನು ತೆಗೆಯಲು ಅಮ್ಮ ಬಿಡಲಿಲ್ಲ.

ಹಳೆಯ ಕಟ್ಟಳೆಗಳು ಇಂದಿಗೂ ಸಲ್ಲುತ್ತವೆಯೇ ಎಂದು ನನ್ನನ್ನು ಕೇಳಬೇಡಿ. ಮಾಸ್ತರ ಮದ್ದೂ ಸರಿ ಕಾಣುತ್ತದೆ, ಎಲಿಯಾಸನ ಮಾತೂ ಸರಿ ಕಾಣುತ್ತದೆ. ನನಗೆ ಗೊತ್ತಿರುವುದಿಷ್ಟೇ: ಅಮ್ಮ ಜೀವಮಾನದಲ್ಲಿ ಒಂದೇ ಸಲ ಕಟ್ಟಳೆ ಬಿಟ್ಟಳು, ಅದೂ ಉಣಿಸಲೆಂದು. ಮಗನಂಥವನು ಹಸಿದು ಹೋದದ್ದೂ ಅಂದೇ. ಅರವತ್ತರ ದಶಕದಲ್ಲಿ ಅವಳು ಹಾಸಿಗೆ ಹಿಡಿದಳು. ಹೆಸರುಗಳೆಲ್ಲ ಮರೆತುಹೋಗಿದ್ದವು. ಆದರೂ ಬಿಸಿಲು ಇಳಿಯತೊಡಗಿದರೆ ಸಾಕು, ಬಾಗಿಲ ಕಡೆ ನೋಡಿ, "ಆ ಹುಡುಗ ಉಂಡನಾ?" ಎಂದು ಕೇಳುತ್ತಿದ್ದಳು. "ಉಂಡ ಅಮ್ಮ" ಎನ್ನುತ್ತಿದ್ದೆ. ನಂಬುತ್ತಿರಲಿಲ್ಲ.

ಈಗ ಕೇಳುವ ಸರದಿ ನನ್ನದು. ನೋಡಿ, ಮಾತಾಡುತ್ತ ಹೊತ್ತು ಮುಳುಗಿಯೇ ಬಿಟ್ಟಿತು. ನಿಮ್ಮದು ಊಟ ಆಯಿತಾ?